ಕಾರ್ಡಿದೆ, ಮಾತ್ರೆಯಿದೆ, ಪರೀಕ್ಷೆಗೆ ಮಾತ್ರ ದಾರಿಯಿಲ್ಲ!

ಹೊಟ್ಟೆನೋವು ಅಂತ ಜಿಲ್ಲಾಸ್ಪತ್ರೆಗೆ ಹೋದವನಿಗೆ ಗಡ್ಡೆ ಇದೆ ಅಂತಾರೆ. ದೊಡ್ಡಾಸ್ಪತ್ರೆಯಲ್ಲಿ ಆಪರೇಷನ್ನೂ ಆಗುತ್ತೆ. ಆಮೇಲೆ ಡಾಕ್ಟರ ಚೀಟಿಯಲ್ಲಿ ‘ಜಿಸ್ಟ್’ ಎಂಬ ಕೇಳರಿಯದ ಹೆಸರು! ಇದು ಜಠರ, ಕರುಳಿನ ಗೋಡೆಯಲ್ಲಿ ಹುಟ್ಟುವ ಅಪರೂಪದ ಕ್ಯಾನ್ಸರ್. 10 ಲಕ್ಷ ಜನರಲ್ಲಿ ವರ್ಷಕ್ಕೆ 10ರಿಂದ 15 ಮಂದಿಗೆ ಬರುವಂಥದು.

ಇದಕ್ಕೆ ಇಮ್ಯಾಟಿನಿಬ್ ಎಂಬ ಮಾತ್ರೆ ಉಂಟು. ಸ್ವಿಟ್ಜರ್ಲೆಂಡಿನ ನೋವಾರ್ಟಿಸ್ ಕಂಪನಿಯ ಮಾತ್ರೆಗೆ ತಿಂಗಳಿಗೆ ಲಕ್ಷ ರೂಪಾಯಿಗೂ ಮೇಲೆ ಬೇಕಿತ್ತು. ನಮ್ಮ ದೇಶದ ಕಂಪನಿಗಳು ಅದನ್ನೇ 10 ಸಾವಿರದ ಆಸುಪಾಸಿಗೆ ಕೊಟ್ಟವು. 2013ರ ಏಪ್ರಿಲ್ 1ರಂದು ಸುಪ್ರೀಂ ಕೋರ್ಟು ನೋವಾರ್ಟಿಸ್‌ಗೆ ಪೇಟೆಂಟ್ ನಿರಾಕರಿಸಿತು. ಅಗ್ಗದ ಮಾತ್ರೆ ಉಳಿಯಿತು.

ಆದರೆ ಎಲ್ಲರಿಗೂ ಒಂದೇ ಲೆಕ್ಕದ ಮಾತ್ರೆ ನಡೆಯೋದಿಲ್ಲ. ಗಡ್ಡೆಯ ಜೀನು ಎಲ್ಲಿ ಕೆಟ್ಟಿದೆ ಎಂಬುದರ ಮೇಲೆ ಅದು ನಿಂತಿದೆ. ಹೆಚ್ಚಿನವರಿಗೆ ದಿನಕ್ಕೆ 400 ಮಿಲಿಗ್ರಾಂ ಸಾಕು. ಕೆಲವರಿಗೆ 800 ಬೇಕಾಗಬಹುದು. ಇನ್ನು ಕೆಲವರಿಗೆ ಎಷ್ಟು ನುಂಗಿದರೂ ಪ್ರಯೋಜನವಿಲ್ಲ, ಬೇರೆ ಔಷಧವೇ ಆಗಬೇಕು. ಇದನ್ನು ಹೇಳುವುದು ಜೀನ್ ಪರೀಕ್ಷೆ. ಅದಿಲ್ಲದೆ ಮಾತ್ರೆ ಕೊಡುವುದು ಕತ್ತಲಲ್ಲಿ ಕಲ್ಲೆಸೆದಂತೆ. ಬಹಳ ಮಂದಿಗೆ ತಾಗುತ್ತೆ, ತಾಗದವನ ಗತಿ?

‘ಆಯುಷ್ಮಾನ್ ಕಾರ್ಡ್ ಇದೆಯಲ್ರೀ’ ಎನ್ನುವವರುಂಟು. 2018ರಲ್ಲಿ ಬಂದ ಈ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ನಿಜ. ಆದರೆ ಕೇಂದ್ರದ ನಿಯಮದಂತೆ ಅದು ಮುಖ್ಯವಾಗಿ ಆಸ್ಪತ್ರೆ ಸೇರಿದವರ ಲೆಕ್ಕ: ಸೇರುವ ಮುಂಚಿನ 3 ದಿನ, ಬಿಟ್ಟ ಮೇಲಿನ 15 ದಿನ. ಜೀನ್ ಪರೀಕ್ಷೆಯ ವರದಿಗೇ ಎರಡು ಮೂರು ವಾರ ಹಿಡಿಯಬಹುದು. ಖಾಸಗಿ ಲ್ಯಾಬಾದರೆ ಸಾವಿರಗಟ್ಟಲೆ ಹಣ ಕೈಯಿಂದ ಹೋಗುತ್ತೆ. ಗಡ್ಡೆಯ ತುಣುಕಿಟ್ಟ ಮೇಣದ ಬ್ಲಾಕನ್ನು ಚೀಲದಲ್ಲಿಟ್ಟುಕೊಂಡು, ಅಂಗಡಿ ಬಾಗಿಲು ಹಾಕಿ, ಮಗನೋ ತಮ್ಮನೋ ರಾತ್ರಿ ಬಸ್ಸು ಹತ್ತಬೇಕು.

ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ಸೇವೆ ಯಾವ ಕ್ಯಾನ್ಸರಿಗೆ ಯಾವ ಜೀನ್ ಪರೀಕ್ಷೆ ಎಂಬ ಪಟ್ಟಿಯನ್ನು 2018ರಲ್ಲೇ ಹೊರಡಿಸಿತು. ಜಿಸ್ಟ್ ಆ ಪಟ್ಟಿಯಲ್ಲಿದೆ. ಡಾಕ್ಟರು ಬರೆದರೆ ತುಣುಕೇ ಲ್ಯಾಬಿಗೆ ಹೋಗುತ್ತದೆ. ರೋಗಿ ಕಾಸು ಬಿಚ್ಚಬೇಕಿಲ್ಲ.

ನಮ್ಮಲ್ಲಿ ಇದು ಆಗದ ಕೆಲಸವೇ? ಆಪರೇಷನ್ನಿನ ಪ್ಯಾಕೇಜಿಗೇ ಪರೀಕ್ಷೆ ಸೇರಲಿ. ಬ್ಲಾಕನ್ನು ಆಸ್ಪತ್ರೆಯವರೇ ಸರ್ಕಾರಿ ಲ್ಯಾಬಿಗೆ ಕಳಿಸಲಿ. ಅಪರೂಪದ ರೋಗ ಅಂತ ಕಡತವನ್ನು ಬದಿಗಿಟ್ಟರೆ, ತಾಗದ ಮಾತ್ರೆ ನುಂಗುತ್ತಾ ಕೂತವನ ದಿನಗಳು ವ್ಯರ್ಥ ಕಳೆದುಹೋಗುತ್ತವೆ. ಸಂಬಂಧಪಟ್ಟವರು ಇತ್ತ ಗಮನ ಹರಿಸುವರೇ?