ಉಪ್ಪು ನೀರು ಹೊಕ್ಕ ಗದ್ದೆಯ ಲೆಕ್ಕ

ಚಂಡಮಾರುತದ ಸುದ್ದಿಗೆ ಪತ್ರಿಕೆಗಳಲ್ಲಿ ಮೂರು ದಿನದ ಆಯುಷ್ಯ. ಮೊದಲ ದಿನ ಗಾಳಿಯ ವೇಗ, ಎರಡನೆಯ ದಿನ ಬಿದ್ದ ಮನೆಗಳ ಚಿತ್ರ, ಮೂರನೆಯ ದಿನ ಮಂತ್ರಿಗಳ ಪ್ರವಾಸ. ನಾಲ್ಕನೆಯ ದಿನದಿಂದ ಆ ಊರು ಪತ್ರಿಕೆಯಿಂದ ಮಾಯ. ಆದರೆ ಊರಿನವರ ನಿಜವಾದ ಕಷ್ಟ ಶುರುವಾಗುವುದೇ ಆ ನಾಲ್ಕನೆಯ ದಿನದಿಂದ. ಗಾಳಿ ನಿಂತ ಮೇಲೆ ಗದ್ದೆ, ತೋಟ, ದೋಣಿ, ದುಡಿಮೆ ಇವೆಲ್ಲ ಮತ್ತೆ ಹೇಗೆ ಎದ್ದು ನಿಲ್ಲುತ್ತವೆ? ಈ ಲೇಖನದಲ್ಲಿ ಅದನ್ನು ಸ್ವಲ್ಪ ವಿಚಾರ ಮಾಡೋಣ.

ನಮಗೂ ಇದಕ್ಕೂ ಏನು ಸಂಬಂಧ ಅಂತ ಕೆಲವರು ಕೇಳಬಹುದು. ಸಂಬಂಧ ಬಹಳ ಹತ್ತಿರದ್ದು. 2020ರ ಜೂನ್ 3ರಂದು 'ನಿಸರ್ಗ' ಚಂಡಮಾರುತ ದಡ ಮುಟ್ಟಿದ್ದು ನಮ್ಮ ಪಕ್ಕದ ರಾಯಗಡ ಜಿಲ್ಲೆಯ ಶ್ರೀವರ್ಧನದ ಬಳಿ. ಗಂಟೆಗೆ 110-120 ಕಿಲೋಮೀಟರ್ ವೇಗದ ಗಾಳಿ. ಮುಂಬಯಿ ಪಾರಾಯ್ತು, ನಾವೆಲ್ಲ ಉಸಿರು ಬಿಟ್ಟೆವು. ಶ್ರೀವರ್ಧನ, ದಿವೇಆಗರ ಕಡೆಯ ತೆಂಗು ಅಡಿಕೆ ತೋಟಗಳು ಮಾತ್ರ ಮಲಗಿಬಿಟ್ಟವು. ಮರುವರ್ಷ ಮೇ ತಿಂಗಳಲ್ಲಿ 'ತೌಕ್ತೆ' ಬಂದು ಕರ್ನಾಟಕದ ಕರಾವಳಿಯಿಂದ ಗುಜರಾತಿನ ತನಕ ಎಲ್ಲರನ್ನೂ ಮುಟ್ಟಿಹೋಯ್ತು.

ಇನ್ನೂ ಹತ್ತಿರದ ಮಾತು ಬೇಕೆ? ಮಹಾಪೆಯಿಂದ ಠಾಣೆ ಖಾಡಿಯ ಕಡೆಗೆ ಇಳಿದುಹೋಗುವ ನೆಲ ಒಂದು ಕಾಲಕ್ಕೆ ಆಗ್ರಿ ಜನರ ಭತ್ತದ ಗದ್ದೆ ಮತ್ತು ಉಪ್ಪಿನ ಆಗರ. ಕಾರ್ಖಾನೆಗಳೂ 1970ರಲ್ಲಿ ಹುಟ್ಟಿದ ಸಿಡ್ಕೋ ಸಂಸ್ಥೆಯೂ ಬಂದ ಮೇಲೆ ಅದು ನಗರವಾಯಿತು. ನವಿ ಮುಂಬಯಿಯಲ್ಲಿ ನಾವು ನೋಡುವ ದೊಡ್ಡ 'ಹೋಲ್ಡಿಂಗ್ ಪಾಂಡ್'ಗಳು ಏತಕ್ಕೆ ಗೊತ್ತೆ? ಭರತದ ಹೊತ್ತಿನಲ್ಲಿ ಖಾಡಿಯ ನೀರು ಒಳಗೆ ಬಾರದಂತೆ ಅವುಗಳ ಬಾಗಿಲು ಮುಚ್ಚಿಕೊಳ್ಳುತ್ತದೆ. ಆಗ ಮಳೆನೀರು ಕೆರೆಯಲ್ಲಿ ನಿಂತು, ಇಳಿತ ಬಂದಾಗ ಹೊರಗೆ ಹರಿದುಹೋಗುತ್ತದೆ. ಸಿಡ್ಕೋದವರು ಇದನ್ನು ಡಚ್ಚರ ಪದ್ಧತಿಯಂತೆ ಕಟ್ಟಿದರು. ಆದರೆ ಕೊಂಕಣದ ರೈತ ಇದೇ ಉಪಾಯವನ್ನು ಬಹಳ ಹಿಂದಿನಿಂದಲೂ ಬಲ್ಲ. ಅವನ ಒಡ್ಡಿನಲ್ಲಿರುವ ಇಂಥ ಬಾಗಿಲಿಗೆ ಮರಾಠಿಯಲ್ಲಿ 'ಉಘಾಡಿ' ಅಂತಾರೆ. ಹೀಗೆ ಒಡ್ಡು ಕಟ್ಟಿ ಸಮುದ್ರದಿಂದ ಬಿಡಿಸಿಕೊಂಡ ನೆಲವೇ ಖಾರ್ ಜಮೀನು.

ಕನ್ನಡಿಗರಿಗೆ ಇದು ಹೊಸದಲ್ಲ. ಉತ್ತರ ಕನ್ನಡದ ಕುಮಟಾ ತಾಲೂಕಿನಲ್ಲಿ, ಅಘನಾಶಿನಿ ಹೊಳೆ ಸಮುದ್ರ ಸೇರುವ ಕಡೆ, ಇಂಥದೇ ನೆಲಕ್ಕೆ 'ಗಜನಿ' ಎನ್ನುತ್ತಾರೆ. 1948ರಲ್ಲಿ ಮುಂಬಯಿ ಸರಕಾರ ಖಾರ್ ಜಮೀನಿನ ಕಾಯಿದೆ ಮಾಡಿದಾಗ ಉತ್ತರ ಕನ್ನಡವೂ ಮುಂಬಯಿ ಪ್ರಾಂತ್ಯದೊಳಗೇ ಇತ್ತು. 1956ರಲ್ಲಿ ಅದು ಮೈಸೂರು ರಾಜ್ಯಕ್ಕೆ ಸೇರಿತು. 'ಖಾರ್‌ಲ್ಯಾಂಡ್ ಬಂಡು' ಎಂಬ ಮಾತು ಕುಮಟೆಯಲ್ಲಿ ಇವತ್ತಿಗೂ ಬಳಕೆಯಲ್ಲಿದೆ. ಗಡಿ ಬದಲಾದರೂ ಉಪ್ಪು ನೀರಿನ ಕಾಟ ಎರಡೂ ಕಡೆ ಒಂದೇ.

ಉಪ್ಪು ಮಾಡುವ ಕೇಡು

ನಾನು ಕಾಮರ್ಸ್ ವಿದ್ಯಾರ್ಥಿ. ಲೆಕ್ಕದಿಂದಲೇ ಹೇಳುತ್ತೇನೆ. ಸಮುದ್ರದ ಒಂದು ಲೀಟರ್ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪು. ಒಂದು ಎಕರೆ ಗದ್ದೆಯಲ್ಲಿ ನಾಲ್ಕು ಇಂಚು ನೀರು ನಿಂತರೆ ಅದು ಸುಮಾರು ನಾಲ್ಕು ಲಕ್ಷ ಲೀಟರ್. ಅಂದರೆ ಹತ್ತಿರ ಹತ್ತಿರ 14 ಟನ್ ಉಪ್ಪು! ನೀರು ಬೇಗ ವಾಪಸು ಹೋದರೆ ಇದರಲ್ಲಿ ಬಹುಪಾಲು ಅದರ ಜೊತೆಗೇ ಹೋಗುತ್ತದೆ. ಹೋಗದೆ ನಿಂತು, ಬಿಸಿಲಿಗೆ ಆರಿದರೆ ಉಪ್ಪೆಲ್ಲ ಗದ್ದೆಯಲ್ಲೇ ಉಳಿಯುತ್ತದೆ.

ಆ ಉಪ್ಪಿನಿಂದ ಎರಡು ಬಗೆಯ ಕೇಡು. ಮೊದಲನೆಯದು, ನೀರಿದ್ದರೂ ಗಿಡಕ್ಕೆ ಬಾಯಾರಿಕೆ. ಮಣ್ಣಿನ ನೀರಿನಲ್ಲಿ ಉಪ್ಪು ಹೆಚ್ಚಾದರೆ ಬೇರು ಅದನ್ನು ಹೀರಲಾರದು. ಉಪ್ಪಿನಕಾಯಿಯ ಭರಣಿಯಲ್ಲಿ ಮಾವಿನಹೋಳು ಯಾಕೆ ಸುಕ್ಕುತ್ತದೋ ಅದೇ ಕಾರಣ. ಎರಡನೆಯದು ಕಣ್ಣಿಗೆ ಕಾಣದ್ದು. ಉಪ್ಪಿನಲ್ಲಿರುವ ಸೋಡಿಯಂ ಜೇಡಿಮಣ್ಣಿನ ಕಣಗಳಿಗೆ ಅಂಟಿಕೊಂಡು ಮಣ್ಣಿನ ಕಟ್ಟನ್ನೇ ಕೆಡಿಸುತ್ತದೆ. ಮಳೆ ಬಂದರೆ ಅಂಟು ಕೆಸರು, ಬಿಸಿಲು ಬಂದರೆ ಕಲ್ಲು. ನೀರು ಕೆಳಗಿಳಿಯುವ ದಾರಿಯೇ ಮುಚ್ಚಿಹೋಗುತ್ತದೆ.

ಆದ್ದರಿಂದ ಮದ್ದಿಗೂ ಒಂದು ಕ್ರಮವುಂಟು. ಮೊದಲು ಒಡೆದ ಒಡ್ಡನ್ನು ಕಟ್ಟಬೇಕು. ಇಲ್ಲಾಂದ್ರೆ ದಿನಕ್ಕೆರಡು ಸಲ ಭರತ ಬಂದು ಮಾಡಿದ್ದನ್ನೆಲ್ಲ ಅಳಿಸಿಹಾಕುತ್ತದೆ. ಎರಡನೆಯದಾಗಿ, ಸಮುದ್ರ ತಂದು ಸುರಿದ ಮರಳು ಕೆಸರನ್ನು ಎತ್ತಿ, ನೀರು ಹೊರಗೆ ಹೋಗುವ ಕಾಲುವೆ ಬಿಡಿಸಬೇಕು. ಮೂರನೆಯದಾಗಿ ಸಿಹಿನೀರು ನಿಲ್ಲಿಸಿ, ಉಪ್ಪನ್ನು ಕರಗಿಸಿ, ಹೊರಗೆ ಬಿಡಬೇಕು. ನಮ್ಮ ಕೊಂಕಣದ ಮಳೆಗಾಲ ಈ ಕೆಲಸವನ್ನು ಪುಕ್ಕಟೆ ಮಾಡಿಕೊಡುತ್ತದೆ. ಆದರೆ ಹೊರದಾರಿ ಇಲ್ಲದ ಕಡೆ ನೀರು ನಿಲ್ಲಿಸಿದರೆ ಪ್ರಯೋಜನವಿಲ್ಲ. ಉಪ್ಪು ಒಳಗೇ ಸುತ್ತುತ್ತಿರುತ್ತದೆ. ನಾಲ್ಕನೆಯದಾಗಿ, ಜೇಡಿಮಣ್ಣು ಕೆಟ್ಟಿದ್ದರೆ ಜಿಪ್ಸಂ ಹಾಕಬೇಕು. ಜಿಪ್ಸಂನ ಕ್ಯಾಲ್ಸಿಯಂ ಮಣ್ಣಿನ ಕಣದಿಂದ ಸೋಡಿಯಂ ಅನ್ನು ಎಬ್ಬಿಸಿ ತಾನು ಆ ಜಾಗದಲ್ಲಿ ಕೂರುತ್ತದೆ. ಎದ್ದ ಸೋಡಿಯಂ ನೀರಿನ ಜೊತೆ ಹರಿದುಹೋಗುತ್ತದೆ. ಎಷ್ಟು ಜಿಪ್ಸಂ ಎಂಬುದನ್ನು ಮಣ್ಣು ಪರೀಕ್ಷೆ ಮಾಡಿಸಿಯೇ ತೀರ್ಮಾನಿಸಬೇಕು. ಮರಳು ಮಣ್ಣಿಗೆ ಅದು ಬೇಕಾಗದೆಯೂ ಇರಬಹುದು. ಕೊನೆಗೆ ಡಯಾಂಚದಂಥ ಹಸಿರೆಲೆ ಗೊಬ್ಬರದ ಗಿಡ ಬೆಳೆದು ಮಣ್ಣಿಗೆ ಉತ್ತರೆ ನೆಲಕ್ಕೆ ಮತ್ತೆ ಜೀವ ಬರುತ್ತದೆ.

ಇದು ಬರೀ ಪುಸ್ತಕದ ಮಾತಲ್ಲ. 1953ರ ಫೆಬ್ರುವರಿಯಲ್ಲಿ ಉತ್ತರ ಸಮುದ್ರದ ನೀರು ಹಾಲೆಂಡಿಗೆ ನುಗ್ಗಿ 1,836 ಜನ ಸತ್ತರು. ಅಲ್ಲಿಯ ಹೊಲಗಳಿಗೆ ಜಿಪ್ಸಂ ಹಾಕಿಯೇ ಮಣ್ಣನ್ನು ಸರಿಮಾಡಿದರು. 2004ರ ಡಿಸೆಂಬರ್ 26ರ ಸುನಾಮಿಯ ನಂತರ ತಮಿಳುನಾಡಿನ ನಾಗಪಟ್ಟಣದಲ್ಲಿಯೂ ಕೆಸರು ತೆಗೆದು, ಜಿಪ್ಸಂ ಹಾಕಿ, ಡಯಾಂಚ ಬಿತ್ತಿದರು. 2005ರ ಕೊನೆಯಲ್ಲಿ ಅಲ್ಲಿ ಸುರಿದ ಭಾರಿ ಮಳೆ ಉಪ್ಪನ್ನು ತೊಳೆದುಕೊಂಡು ಹೋಯ್ತು. ಇನ್ನು ಇಲ್ಲಿ ಭತ್ತ ಬೆಳೆಯುವುದೇ ಇಲ್ಲ ಎಂದುಕೊಂಡಿದ್ದ ನೆಲದಲ್ಲಿ ಮತ್ತೆ ಭತ್ತ ಬಂತು.

ಬೀಜವೇ ಬಂಡವಾಳ

ಮಣ್ಣು ಪೂರ್ತಿ ಸರಿಯಾಗುವ ತನಕ ಹೊಟ್ಟೆಗೆ ಏನು? ಇಲ್ಲಿ ಹಳೆಯ ಬೀಜಗಳು ಕೈಹಿಡಿಯುತ್ತವೆ. ಗಜನಿಯ 'ಕಗ್ಗ' ಭತ್ತ ಉದ್ದಕ್ಕೆ ಬೆಳೆಯುವ ಜಾತಿ. ಉಪ್ಪನ್ನೂ ತಡೆಯುತ್ತದೆ, ಕೆಲವು ದಿನ ನೀರಿನಲ್ಲಿ ಮುಳುಗಿದ್ದರೂ ಬದುಕುತ್ತದೆ. ರಾಯಗಡದ ಕಡೆ 'ರಾತಾ' ಜಾತಿಯ ಭತ್ತಗಳು ಇದೇ ಗುಣದವು. ಪನ್ವೇಲಿನ ಖಾರ್ ಜಮೀನು ಸಂಶೋಧನಾ ಕೇಂದ್ರದವರು ಪನ್ವೇಲ್-1, ಪನ್ವೇಲ್-2, ಪನ್ವೇಲ್-3 ಎಂಬ ಉಪ್ಪು ತಡೆಯುವ ತಳಿಗಳನ್ನು ಕೊಟ್ಟಿದ್ದಾರೆ. ನಮ್ಮ ಕಾಲೇಜಿಗೆ ಬರುವ ಹುಡುಗರಲ್ಲಿ ಎಷ್ಟೋ ಮಂದಿ ದಿನಾ ಪನ್ವೇಲ್ ಗಾಡಿಯಲ್ಲೇ ಬರುತ್ತಾರೆ, ಆದರೆ ಈ ಕೇಂದ್ರದ ಹೆಸರು ಕೇಳಿದವರು ಕಡಿಮೆ.

ಕುಮಟೆಯ ಕಡೆಯ ನಮ್ಮ ಸೋದರಮಾವ ಒಮ್ಮೆ ಹೇಳಿದರು: "ತಮಾ, ಗಜನಿ ಅಂದ್ರೆ ಮಳೆಗಾಲ ಭತ್ತ, ಬ್ಯಾಸಗಿ ಮೀನು. ಒಂದು ಹೋದ್ರೆ ಇನ್ನೊಂದು." ಭತ್ತ ಕೊಯ್ದ ಮೇಲೆ ಬಾಗಿಲು ತೆಗೆದು ಹೊಳೆಯ ನೀರು ಒಳಗೆ ಬಿಟ್ಟರೆ ಸಿಗಡಿ, ಮೀನು ತಾವಾಗಿ ಬರುತ್ತವೆ. ನಮ್ಮ ಪುಸ್ತಕದಲ್ಲಿ 'ನಷ್ಟದ ಅಪಾಯವನ್ನು ಹಂಚುವುದು' ಎಂದು ಒಂದು ಪಾಠವಿದೆಯಲ್ಲ, ಮಾವ ಅದನ್ನು ಎರಡು ವಾಕ್ಯದಲ್ಲಿ ಮುಗಿಸಿದರು. ಸಿಗಡಿಯ ಬೆಲೆ ಏರಿದಾಗ ಎಷ್ಟೋ ಕಡೆ ಭತ್ತ ಬಿಟ್ಟು ಸಿಗಡಿಯೊಂದನ್ನೇ ಹಿಡಿದರು. ಕಗ್ಗದ ಬೀಜ ಅಪರೂಪವಾಯಿತು. ಬೀಜ ಕಳೆದುಕೊಂಡ ಊರಿಗೆ ಒಡ್ಡು ಕಟ್ಟಿಕೊಟ್ಟರೂ ಗದ್ದೆ ವಾಪಸು ಬರುವುದಿಲ್ಲ.

ಪರಿಹಾರದ ಹಣ ಮತ್ತು ಕಾಲ

ತೋಟದ ಕಥೆ ಬೇರೆ. ಗದ್ದೆ ಎರಡು ಮೂರು ಮಳೆಗಾಲದಲ್ಲಿ ಚೇತರಿಸಿಕೊಂಡೀತು. ಎತ್ತರದ ಜಾತಿಯ ತೆಂಗು ಫಲ ಕೊಡಲು ಆರೇಳು ವರ್ಷ, ಅಡಿಕೆಗೂ ಐದಾರು ವರ್ಷ ಬೇಕು. 'ನಿಸರ್ಗ'ದ ನಂತರ ಮಹಾರಾಷ್ಟ್ರ ಸರಕಾರ ತೋಟದ ಪರಿಹಾರವನ್ನು ಹೆಕ್ಟೇರಿಗೆ 18,000ದಿಂದ 50,000 ರೂಪಾಯಿಗೆ ಏರಿಸಿತು. ಒಳ್ಳೆಯದೇ. ಆದರೆ ಎಕರೆಗೆ ಲೆಕ್ಕ ಹಾಕಿದರೆ ಸುಮಾರು 20,000. ಆರು ವರ್ಷ, ಅಂದರೆ 72 ತಿಂಗಳಿಗೆ ಹಂಚಿ ನೋಡಿ: ತಿಂಗಳಿಗೆ 280 ರೂಪಾಯಿಯೂ ಬೀಳುವುದಿಲ್ಲ. ಇಷ್ಟರಲ್ಲಿ ಬಿದ್ದ ಮರ ಎತ್ತಿಸಬೇಕು, ಸಸಿ ತರಬೇಕು, ಮಕ್ಕಳ ಫೀ ಕಟ್ಟಬೇಕು. ಆದುದರಿಂದಲೇ ಸಸಿಗಳ ನಡುವೆ ಬಾಳೆ, ತರಕಾರಿ ಹಾಕಿ ಮೊದಲ ವರ್ಷಗಳ ಸಂಸಾರ ನಡೆಸಬೇಕಾಗುತ್ತದೆ. ನಾವು ಯಂತ್ರಕ್ಕೆ ಸವಕಳಿ ಹಾಕುತ್ತೇವೆ, ಹೊಸ ಯಂತ್ರಕ್ಕೆ ನಿಧಿ ತೆಗೆದಿಡುತ್ತೇವೆ. ಮರಕ್ಕೆ ಯಾರೂ ಹಾಗೆ ತೆಗೆದಿಟ್ಟಿರುವುದಿಲ್ಲ.

ಇನ್ನೊಂದು ಪ್ರಶ್ನೆ, ಹಣ ಯಾರ ಕೈಗೆ ಹೋಗುತ್ತದೆ? ಪರಿಹಾರ ಕೊಡುವವರು ನೋಡುವುದು ಕಾಗದ. ಇಲ್ಲಿ ಸಾತ್-ಬಾರಾ ಉತಾರ, ನಮ್ಮ ಕಡೆ ಪಹಣಿ. ಅದರಲ್ಲಿ ಹೆಸರಿದ್ದವನಿಗೆ ಹಣ. ಬಾಯಿಮಾತಿನ ಗೇಣಿಗೆ ಉಳುವವನಿಗೆ, ತೋಟದ ಕೂಲಿಯಾಳಿಗೆ, ಅಡಿಕೆ ಸುಲಿಯುವ ಹೆಂಗಸಿಗೆ ಹೆಸರೆಲ್ಲಿಯದು? ಸುನಾಮಿಯ ನಂತರ ತಮಿಳುನಾಡಿನಲ್ಲಿ ಕೆಲವು ಕಡೆ ಮೊದಲಿದ್ದುದಕ್ಕಿಂತ ಹೆಚ್ಚು ದೋಣಿಗಳನ್ನು ಹಂಚಿಬಿಟ್ಟರು. ದೋಣಿ ಕೊಡುವುದು ಸುಲಭ, ಫೋಟೋ ಚೆನ್ನಾಗಿ ಬರುತ್ತದೆ. ಬುಟ್ಟಿ ಹೊತ್ತು ಮೀನು ಮಾರುವ ಹೆಂಗಸಿಗೆ ಬೇಕಾಗಿದ್ದ ಸಣ್ಣ ಸಾಲ ಮಾತ್ರ ತಡವಾಯಿತು.

ತಡವಾದರೆ ಏನಾಗುತ್ತದೆ?

ಒಡ್ಡು ಒಡೆಯಲು ಚಂಡಮಾರುತವೇ ಬೇಕೆಂದಿಲ್ಲ. ಏಡಿ ಕೊರೆದ ಒಂದು ತೂತು ಸಾಕು. ಅಮಾವಾಸ್ಯೆಯ ದೊಡ್ಡ ಭರತ ಅದನ್ನು ಬಾಗಿಲು ಮಾಡುತ್ತದೆ. ಮೊದಲು ಊರವರೇ ಸೇರಿ, ಮನೆಗೊಂದಾಳಿನಂತೆ, ಆ ದಿನವೇ ಮಣ್ಣು ಹಾಕುತ್ತಿದ್ದರು. ಆಮೇಲೆ ದೊಡ್ಡ ಒಡ್ಡುಗಳು ಸರಕಾರದ ಕೈಗೆ ಹೋದವು. ಮಹಾರಾಷ್ಟ್ರದಲ್ಲಿ 1979ರ ಕಾಯಿದೆ ಇದಕ್ಕಾಗಿಯೇ ಬಂದದ್ದು. ಮಂಜೂರಿ, ಟೆಂಡರು, ಬಿಲ್ಲು ಅಂತ ವರ್ಷ ಕಳೆಯುತ್ತದೆ. ಅಷ್ಟರಲ್ಲಿ ಗದ್ದೆಯಲ್ಲಿ ಕಾಂಡ್ಲಾ ಗಿಡ ಏಳುತ್ತದೆ. ರಾಯಗಡದ ಪೇಣ, ಅಲಿಬಾಗ್ ತಾಲೂಕುಗಳಲ್ಲಿ ಹೀಗೆ ಕಾಂಡ್ಲಾ ಕಾಡಾದ ಗದ್ದೆಗಳಿವೆ. ಕಾಂಡ್ಲಾ ಕಡಿಯುವುದನ್ನು ಮುಂಬಯಿ ಹೈಕೋರ್ಟು 2005ರಲ್ಲೇ ತಡೆಯಿತು, 2018ರಲ್ಲಿ ಪುನಃ ಬಿಗಿ ಮಾಡಿತು. ಅದು ಸರಿಯಾದ ತೀರ್ಪೇ. ಒಡ್ಡಿನ ಹೊರಗೆ ನಿಂತು ಅಲೆಯ ಪೆಟ್ಟು ತಿನ್ನುವುದು ಕಾಂಡ್ಲಾವೇ ತಾನೆ? ಆದರೆ ಒಡ್ಡಿನ ಒಳಗೆ ಅದು ಬೆಳೆದುಬಿಟ್ಟರೆ ರೈತನ ಹೆಸರು ಉತಾರದಲ್ಲಿ ಉಳಿಯುತ್ತದೆ, ಗದ್ದೆ ಮಾತ್ರ ಉಳಿಯುವುದಿಲ್ಲ. ಇಲ್ಲಿ ತಪ್ಪು ಗಿಡದ್ದಲ್ಲ, ಕೋರ್ಟಿನದೂ ಅಲ್ಲ. ಸಕಾಲದಲ್ಲಿ ಬೀಳದ ನಾಲ್ಕು ಬುಟ್ಟಿ ಮಣ್ಣಿನದು.

ಗೆಳೆಯರೇ, ನಮ್ಮಲ್ಲಿ ಯಾರೂ ಒಡ್ಡು ಕಟ್ಟುವವರಲ್ಲ. ಆದರೆ ಫಾರ್ಮು ತುಂಬಲು ಬರುತ್ತದೆ, ಬಡ್ಡಿ ಲೆಕ್ಕ ಬರುತ್ತದೆ, ಕನ್ನಡ ಮರಾಠಿ ಎರಡೂ ಬರುತ್ತದೆ. ನೀರು ಇಳಿದ ಊರಿನಲ್ಲಿ ಪಂಚನಾಮೆಯ ಹೊತ್ತಿಗೆ, ಯಾರ ಹೆಸರು ಬಿಟ್ಟುಹೋಗಿದೆ ಎಂದು ಕೂತು ಬರೆದುಕೊಳ್ಳುವ ನಾಲ್ಕು ಹುಡುಗರು ಸಿಕ್ಕರೆ ಅದೇ ದೊಡ್ಡ ಸಹಾಯ. ಅನ್ನದ ಪೊಟ್ಟಣ ಮೊದಲ ವಾರಕ್ಕೆ ಬೇಕು, ನಿಜ. ಬೀಜ, ಒಡ್ಡು ಮತ್ತು ಬರೆದಿಟ್ಟ ಹೆಸರು ಮುಂದಿನ ಹತ್ತು ವರ್ಷಕ್ಕೆ ಬೇಕು.