ತಪ್ಪಿಹೋದ ಮಗನ ಕಥೆ: ದೈವಪ್ರೀತಿಯ ಸ್ವರೂಪ ಕುರಿತ ಜಾನಪದೀಯ ಅವಲೋಕನ

ಕ್ರೈಸ್ತ ಧರ್ಮದಲ್ಲಿ ದೇವರ ಪ್ರೀತಿಯನ್ನು ವಿವೇಚಿಸುವ ತಾತ್ವಿಕ ಗ್ರಂಥಗಳು ಹೇರಳವಾಗಿವೆ. ಆದರೆ ಜನಸಾಮಾನ್ಯರಲ್ಲಿ ಆ ತತ್ವವು ನೆಲೆಗೊಂಡಿರುವುದು ಬಹುಮಟ್ಟಿಗೆ ಕಥೆಗಳ ಮೂಲಕ. ಲೂಕನ ಸುವಾರ್ತೆಯ 15ನೆಯ ಅಧ್ಯಾಯದ ಮೂರು ದೃಷ್ಟಾಂತಗಳು, ಅಂದರೆ ಕಳೆದುಹೋದ ಕುರಿ, ಕಳೆದುಹೋದ ನಾಣ್ಯ ಮತ್ತು ತಪ್ಪಿಹೋದ ಮಗನ ಕಥೆಗಳು, ಇದಕ್ಕೆ ಉತ್ತಮ ನಿದರ್ಶನ. ಪಾಪಿಗಳೊಡನೆ ಕುಳಿತು ಊಟ ಮಾಡುತ್ತಾನೆಂಬ ಆಕ್ಷೇಪಕ್ಕೆ ಯೇಸು ನೀಡಿದ ಉತ್ತರವಾಗಿ ಇವು ಅಲ್ಲಿ ನಿರೂಪಿತವಾಗಿವೆ.

19ನೆಯ ಶತಮಾನದ ಪೂರ್ವಾರ್ಧದಲ್ಲಿ ಬಳ್ಳಾರಿಯ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮೊದಲಾದವರ ಬೈಬಲ್ ಅನುವಾದದ ಮೂಲಕ ಈ ಕಥೆಗಳು ಕನ್ನಡದಲ್ಲಿ ಮುದ್ರಣಗೊಂಡವು. ಮೂರನೆಯ ಕಥೆಗೆ ಮತ್ತೊಂದು ಅನಿರೀಕ್ಷಿತ ಪ್ರಸಾರವೂ ದೊರೆಯಿತು. ಜಾರ್ಜ್ ಗ್ರಿಯರ್ಸನ್ ತಮ್ಮ ಭಾರತೀಯ ಭಾಷಾ ಸಮೀಕ್ಷೆಗೆ ಇದನ್ನೇ ಮಾದರಿ ಪಠ್ಯವಾಗಿ ಆರಿಸಿಕೊಂಡರು. ಸರ್ವನಾಮಗಳು, ವಿಭಕ್ತಿಗಳು ಮತ್ತು ಮೂರು ಕಾಲಗಳ ಕ್ರಿಯಾರೂಪಗಳು ಇದರಲ್ಲಿ ಒಟ್ಟಿಗೆ ದೊರೆಯುತ್ತವೆಂಬುದು ಅದಕ್ಕೆ ಕಾರಣ. 1906ರಲ್ಲಿ ಪ್ರಕಟವಾದ ದ್ರಾವಿಡ ಭಾಷೆಗಳ ಸಂಪುಟದಲ್ಲಿ ಕನ್ನಡವೂ ಅದರ ಕೆಲವು ಉಪಭಾಷೆಗಳೂ ಸೇರಿವೆ. ಹೀಗೆ ಒಂದು ಧಾರ್ಮಿಕ ಕಥನವು ಧರ್ಮದ ಎಲ್ಲೆ ದಾಟಿ ಆಡುನುಡಿಯ ದಾಖಲೆಯಾದುದು ಗಮನಾರ್ಹ.

ಕಥೆಯ ಆವರಣ ಕನ್ನಡ ಗ್ರಾಮೀಣರಿಗೆ ಅಪರಿಚಿತವಲ್ಲ. ತಂದೆ ಬದುಕಿರುವಾಗಲೇ ಕಿರಿಯ ಮಗ ಪಾಲು ಕೇಳುತ್ತಾನೆ. ದೂರದೇಶದಲ್ಲಿ ಎಲ್ಲವನ್ನೂ ಕಳೆದುಕೊಂಡು, ಯೆಹೂದ್ಯರಿಗೆ ಅಶುದ್ಧವೆನಿಸಿದ ಹಂದಿಗಳನ್ನು ಮೇಯಿಸುವ ಸ್ಥಿತಿಗೆ ಇಳಿಯುತ್ತಾನೆ. 'ಕೆಟ್ಟು ಪಟ್ಟಣ ಸೇರು' ಎಂಬ ಗಾದೆಯ ದಾರಿ ಇಲ್ಲಿ ತಿರುಗುಮುರುಗಾಗಿದೆ: ಇವನು ಹೊರನಾಡು ಸೇರಿ ಕೆಟ್ಟವನು, ಕೆಟ್ಟ ಮೇಲೆ ಮನೆಯನ್ನು ನೆನೆದವನು.

ನಿರೂಪಣೆಯ ದೃಷ್ಟಿಯಿಂದ ಮುಖ್ಯವಾದ ಅಂಶ ಮುಂದಿದೆ. ತಂದೆಗೆ ಹೇಳಬೇಕಾದ ಮಾತುಗಳನ್ನು ಮಗ ಮೊದಲೇ ಸಿದ್ಧಪಡಿಸಿಕೊಳ್ಳುತ್ತಾನೆ: ತಾನು ಪಾಪ ಮಾಡಿದ್ದೇನೆ, ಮಗನೆನಿಸಿಕೊಳ್ಳಲು ಯೋಗ್ಯನಲ್ಲ, ಕೂಲಿಯಾಳಾಗಿ ಇಟ್ಟುಕೊಳ್ಳಬೇಕು. ಮೌಖಿಕ ಕಥನದಲ್ಲಿ ಹೀಗೆ ಒಮ್ಮೆ ಬಂದ ಮಾತು ಮುಂದೆ ಯಥಾವತ್ತಾಗಿ ಪುನರಾವರ್ತನೆಯಾಗುವುದು ವಾಡಿಕೆ. ಇಲ್ಲಿ ಆ ವಾಡಿಕೆ ಮುರಿಯುತ್ತದೆ. ಮಗ ಇನ್ನೂ ದೂರದಲ್ಲಿರುವಾಗಲೇ ತಂದೆ ಓಡಿಬಂದು ಅಪ್ಪಿಕೊಳ್ಳುತ್ತಾನೆ; ಕೂಲಿಯಾಳಿನ ಮಾತು ಬಾಯಿಂದ ಹೊರಡುವ ಮುನ್ನವೇ ನಿಲುವಂಗಿ, ಉಂಗುರ, ಪಾದರಕ್ಷೆಗಳನ್ನು ತರಿಸುತ್ತಾನೆ. ಪುನರಾವರ್ತನೆಯಲ್ಲಿ ಬಿಟ್ಟುಹೋದ ಆ ಒಂದು ಮಾತಿನಲ್ಲೇ ಕಥೆಯ ತಾತ್ಪರ್ಯವಿದೆ. ಪಶ್ಚಾತ್ತಾಪವು ಪ್ರೀತಿಗೆ ತೆರುವ ಬೆಲೆಯಲ್ಲ. ಮೊದಲೇ ಇದ್ದ ಪ್ರೀತಿಯೆಡೆಗೆ ಮರಳುವ ಹಾದಿ.

'ಗೋವಿನ ಹಾಡಿ'ನೊಡನೆ ಹೋಲಿಸಿದಾಗ ಈ ವೈಶಿಷ್ಟ್ಯ ಇನ್ನಷ್ಟು ಸ್ಪಷ್ಟವಾಗುತ್ತದೆ. ಕೊಟ್ಟ ಮಾತಿನಂತೆ ಪುಣ್ಯಕೋಟಿ ಮರಳಿ ಬಂದುದರಿಂದ ಹುಲಿಯ ಮನಸ್ಸು ಕರಗುತ್ತದೆ. ಅಲ್ಲಿ ಕರುಣೆಗೆ ಸತ್ಯಪಾಲನೆಯೇ ಪ್ರೇರಣೆ. ಮರಳಿ ಬಂದ ಮಗನಲ್ಲಾದರೋ ತೋರಿಸಲು ಅಂತಹ ಸತ್ಯವೇನೂ ಇಲ್ಲ. ಹಸಿವೇ ಅವನನ್ನು ಮನೆಯತ್ತ ತಿರುಗಿಸಿದೆ. ಆದರೂ ತಂದೆ ಅವನ ಉದ್ದೇಶವನ್ನು ಪರೀಕ್ಷಿಸುವುದಿಲ್ಲ. 'ಹೆತ್ತವರಿಗೆ ಹೆಗ್ಗಣ ಮುದ್ದು' ಎಂಬ ಗಾದೆ ಪರಿಹಾಸ್ಯದಲ್ಲಿ ಹೇಳುವುದನ್ನು ಈ ಕಥೆ ಗಂಭೀರವಾಗಿ ಹೇಳುತ್ತದೆ. ಗಾದೆಯ ಹೆತ್ತವರಿಗೆ ಕೊರತೆ ಕಾಣುವುದೇ ಇಲ್ಲ. ಕಥೆಯ ತಂದೆ ಮಗನನ್ನು ಸತ್ತವನು, ಕಳೆದುಹೋದವನು ಎಂದೇ ಕರೆದು, ಆ ಅರಿವಿನೊಡನೆಯೇ ಪ್ರೀತಿಸುತ್ತಾನೆ.

ಅಪೂರ್ಣ ಭಕ್ತನೆಂದರೆ ಕಿರಿಯವನಷ್ಟೇ ಅಲ್ಲ. ಎಂದೂ ಅಪ್ಪಣೆ ಮೀರದ ಹಿರಿಯವನು ತನ್ನ ದುಡಿಮೆಯ ಲೆಕ್ಕ ಹಿಡಿದು ಮನೆಯೊಳಗೆ ಬರಲು ನಿರಾಕರಿಸುತ್ತಾನೆ. ಒಬ್ಬನು ಮನೆ ಬಿಟ್ಟು ದೂರವಾದವನು, ಇನ್ನೊಬ್ಬನು ಮನೆಯಲ್ಲಿದ್ದೇ ದೂರವಾದವನು. ತಂದೆ ಇವನಿಗಾಗಿಯೂ ಹೊರಬಂದು ಬೇಡಿಕೊಳ್ಳುತ್ತಾನೆ. ಹಿರಿಯವನು ಒಳಬಂದನೇ ಇಲ್ಲವೇ ಎಂಬುದನ್ನು ಹೇಳದೆಯೇ ಕಥೆ ನಿಲ್ಲುತ್ತದೆ. ಆಕ್ಷೇಪವೆತ್ತಿದ ಧರ್ಮನಿಷ್ಠರೇ ಆ ಉತ್ತರವನ್ನು ಕೊಡಬೇಕಾಗಿತ್ತು.

ಕಥೋಲಿಕ ಸಂಪ್ರದಾಯದ ಪಾಪನಿವೇದನೆಯನ್ನೂ ಈ ಹಿನ್ನೆಲೆಯಲ್ಲಿ ಅರ್ಥೈಸಬಹುದು. ಅದು ಒಮ್ಮೆ ನಡೆದು ಮುಗಿಯುವ ವಿಧಿಯಲ್ಲ. ಮತ್ತೆ ಎಡವಿದವನು ಮತ್ತೆ ಬರುತ್ತಾನೆಂಬುದನ್ನು ಒಪ್ಪಿಕೊಂಡೇ ರೂಪುಗೊಂಡದ್ದು. ಭಕ್ತನ ಯೋಗ್ಯತೆ ಏರಿಳಿಯುತ್ತದೆ. ಬಾಗಿಲ ಬಳಿ ಕಾಯುವ ತಂದೆಯ ಪ್ರೀತಿ ಅದರೊಡನೆ ಏರಿಳಿಯುವುದಿಲ್ಲ. ಈ ಕಥೆ ಇಷ್ಟು ಕಾಲ ಬಾಳಿ ಬಂದಿರುವುದರ ಹಿಂದೆ ಈ ಭರವಸೆ ಇದೆಯೆನ್ನಬಹುದು.