ನಿಮಗಿದು ಗೊತ್ತೆ? 64,000 ಗಣಕರ ರಂಗಮಂದಿರ

ವಿದ್ಯುನ್ಮಾನ ಗಣಕಯಂತ್ರವು ಇನ್ನೂ ಹುಟ್ಟದಿದ್ದ 1922ರಲ್ಲಿಯೇ, ಭೂಮಂಡಲದ ವಾಯುಪ್ರವಾಹವನ್ನು ಲೆಕ್ಕಹಾಕಿ ಹವೆಯನ್ನು ಮುಂಚಿತವಾಗಿ ತಿಳಿಸಲು, 64,000 ಮಂದಿ ಏಕಕಾಲದಲ್ಲಿ ಗಣಿಸುವ ವಿಶಾಲ ರಂಗಮಂದಿರವೊಂದನ್ನು ಇಂಗ್ಲೆಂಡಿನ ಲೂಯಿಸ್ ಫ್ರೈ ರಿಚರ್ಡ್‌ಸನ್ನರು ತಮ್ಮ ಗ್ರಂಥದಲ್ಲಿ ಕಲ್ಪಿಸಿದ್ದರು. ಛಾವಣಿಯಲ್ಲಿ ಉತ್ತರಧ್ರುವ, ತಳದಲ್ಲಿ ಅಂಟಾರ್ಕ್ಟಿಕ, ನಡುವಣ ಗೋಡೆಗಳ ಮೇಲೆಲ್ಲ ಭೂಪಟ. ತಾನಿರುವ ಪ್ರದೇಶದ ಒಂದೇ ಸಮೀಕರಣವನ್ನು, ಇಲ್ಲವೆ ಅದರ ಒಂದಂಶವನ್ನು, ಬಿಡಿಸುವುದಷ್ಟೇ ಒಬ್ಬೊಬ್ಬನ ಕರ್ತವ್ಯ. ಬಂದ ಅಂಕೆಗಳನ್ನು ನೆರೆಯ ಪ್ರದೇಶದವರು ಓದಿಕೊಳ್ಳಲೆಂದು ಪುಟ್ಟ ಪುಟ್ಟ ದೀಪಫಲಕಗಳಿದ್ದವು. ಇಂದಿನ ಸೂಪರ್ ಕಂಪ್ಯೂಟರುಗಳು ಗಾಳಿ, ನೀರುಗಳ ಹರಿವನ್ನು ತುಂಡು ತುಂಡಾಗಿ ಹಂಚಿಕೊಂಡು, ಅಂಚಿನ ಅಂಕೆಗಳನ್ನು ಪರಸ್ಪರ ಕಳುಹಿಸಿ ಗಣಿಸುವುದೂ ಈ ಸೊಗಸಾದ ಕ್ರಮದಿಂದಲೇ. ಆ ರಂಗಮಂದಿರದ ಮಧ್ಯದ ಉನ್ನತ ಸ್ತಂಭದ ಮೇಲೆ ಕುಳಿತ ಅಧಿಪತಿಯಾದರೋ, ಲೆಕ್ಕದಲ್ಲಿ ಮುಂದೋಡಿದವರ ಮೇಲೆ ನಸುಗೆಂಪು ಬೆಳಕನ್ನೂ ಹಿಂದುಳಿದವರ ಮೇಲೆ ನೀಲಿ ಬೆಳಕನ್ನೂ ಬೀರಿ, ಎಲ್ಲರನ್ನೂ ಸಮವೇಗದಲ್ಲಿ ನಡೆಸತಕ್ಕದ್ದಾಗಿದ್ದಿತು.